ಕಣದ ಜಾಡು ತೋರಿಸಿದ ವಿಲ್ಸನ್

ಚಾರ್ಲ್ಸ್ ಥಾಮ್ಸನ್ ರೀಸ್ ವಿಲ್ಸನ್ 1869ರ ಫೆಬ್ರವರಿ 14ರಂದು ಸ್ಕಾಟ್ಲೆಂಡಿನ ಕುರಿಸಾಕಣೆಯ ಮನೆಯೊಂದರಲ್ಲಿ ಹುಟ್ಟಿದರು. ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಕುಟುಂಬ ಮ್ಯಾಂಚೆಸ್ಟರ್‌ಗೆ ಬಂದು ನೆಲೆಸಿತು. ವೈದ್ಯರಾಗಲು ಹೊರಟವರು ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರಕ್ಕೆ ಹೊರಳಿದರು. ಪದವಿಯ ನಂತರ ಬ್ರಾಡ್‌ಫರ್ಡ್‌ನ ಶಾಲೆಯಲ್ಲಿ ಸ್ವಲ್ಪ ಕಾಲ ಶಿಕ್ಷಕರೂ ಆಗಿದ್ದರು.

1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಬೆಟ್ಟದ ಹವಾಮಾನ ವೀಕ್ಷಣಾಲಯದಲ್ಲಿ ಕೆಲವು ವಾರ ಇದ್ದರು. ಮೋಡದ ಮೇಲೆ ಬಿಸಿಲು ಮೂಡಿಸುವ ಬಣ್ಣದ ಉಂಗುರಗಳನ್ನು ನೋಡಿ, ಪ್ರಯೋಗಾಲಯದಲ್ಲೇ ಮೋಡ ಮಾಡಲು ಮರುವರ್ಷ ತೊಡಗಿದರು. ಗಾಜಿನ ಪಾತ್ರೆಯಲ್ಲಿನ ತೇವದ ಗಾಳಿಯನ್ನು ಥಟ್ಟನೆ ಹಿಗ್ಗಿಸಿದರೆ ಅದು ತಂಪಾಗಿ, ದೂಳಿನ ಕಣಗಳ ಸುತ್ತ ಹನಿ ಕಟ್ಟುತ್ತದೆ. ದೂಳನ್ನೆಲ್ಲ ತೆಗೆದು ಇನ್ನೂ ಹೆಚ್ಚು ಹಿಗ್ಗಿಸಿದಾಗಲೂ ಕೆಲವು ಹನಿಗಳು ಮೂಡಿದವು. 1896ರಲ್ಲಿ ಎಕ್ಸ್-ಕಿರಣ ಹಾಯಿಸಿದಾಗ ಹನಿಗಳು ದಟ್ಟವಾದವು. ಅಯಾನುಗಳ ಸುತ್ತಲೂ ಹನಿ ಕಟ್ಟುತ್ತದೆ ಎಂಬುದು ಹೀಗೆ ತಿಳಿಯಿತು.

ಹಾಗಾದರೆ ಒಂದೇ ಒಂದು ವಿಕಿರಣ ಕಣ ಹಾದುಹೋದರೂ ಅದರ ದಾರಿಯುದ್ದಕ್ಕೂ ಹನಿಗಳ ಸಾಲು ಕಾಣಬೇಕು. 1911ರಲ್ಲಿ ಅದು ಕಂಡಿತು. ಆಲ್ಫಾ ಕಣದ ಜಾಡು ಗಿಡ್ಡ, ದಟ್ಟ, ಬಹುಪಾಲು ನೇರ. ಬೀಟಾ ಕಣದ್ದು ತೆಳು. ಆಲ್ಫಾ ಕಣ ಗಾಳಿಯಲ್ಲಿ ಕೆಲವು ಸೆಂಟಿಮೀಟರ್ ಸಾಗಿದರೆ, ಜೀವಂತ ಅಂಗಾಂಶದಲ್ಲಿ 0.1 ಮಿಲಿಮೀಟರ್ ಕೂಡ ಸಾಗದೆ, ಕೆಲವೇ ಜೀವಕೋಶಗಳಲ್ಲಿ ತನ್ನ ಶಕ್ತಿಯನ್ನೆಲ್ಲ ಇಳಿಸಿಬಿಡುತ್ತದೆ. ಚರ್ಮದ ಹೊರಪದರವೇ ತಡೆಯಬಲ್ಲ ಈ ಕಣ, ಅದನ್ನು ಹೊಮ್ಮಿಸುವ ವಸ್ತು ಉಸಿರಿನೊಂದಿಗೆ ಒಳಹೊಕ್ಕಾಗ ಅಪಾಯಕಾರಿಯಾಗುವುದು ಇದಕ್ಕೇ. ಇಂದು ಸಂಶೋಧಕರು ವಿಶೇಷ ಪ್ಲಾಸ್ಟಿಕ್ ಹಾಳೆಯ ಮೇಲೆ ಜೀವಕೋಶಗಳನ್ನು ಬೆಳೆಸಿ, ಯಾವ ಕೋಶದ ಮೂಲಕ ಕಣ ಹಾದುಹೋಯಿತೆಂದು ಹಾಳೆಯಲ್ಲಿ ಉಳಿದ ಗುರುತಿನಿಂದ ಪತ್ತೆಹಚ್ಚುತ್ತಾರೆ.

ವಿಲ್ಸನ್ 1918ರವರೆಗೆ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಉನ್ನತ ಪ್ರಾಯೋಗಿಕ ತರಗತಿಗಳ ಹೊಣೆ ಹೊತ್ತಿದ್ದರು. 1927ರಲ್ಲಿ ಕಾಂಪ್ಟನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಗುಡುಗುಮೋಡಗಳ ವಿದ್ಯುತ್ತನ್ನು ಕುರಿತ ಪ್ರಬಂಧವನ್ನು 1956ರಲ್ಲಿ, 87ನೆಯ ವಯಸ್ಸಿನಲ್ಲಿ ಪ್ರಕಟಿಸಿದರು. 1959ರ ನವೆಂಬರ್ 15ರಂದು ತೀರಿಕೊಂಡರು.

ಅವರ ಉಪಕರಣದ ಚಿತ್ರ ತೋರಿಸಿದಾಗ ಮಕ್ಕಳು ಆಲ್ಫಾ ಕಣವನ್ನೇ ಕಂಡೆವು ಎಂದುಕೊಳ್ಳುವುದು ಸಹಜ. ಕಂಡದ್ದು ನೀರಿನ ಹನಿಗಳು. ಕಣವನ್ನು ಊಹಿಸಿದ್ದು ಅವುಗಳ ಸಾಲಿನಿಂದ. ಆಕಾಶದಲ್ಲಿ ವಿಮಾನ ಕಾಣದಿದ್ದರೂ ಅದು ಬಿಟ್ಟುಹೋದ ಬಿಳಿಗೆರೆಯನ್ನು ಮಕ್ಕಳು ನೋಡಿರುತ್ತಾರೆ. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.