ಡಾ. ಯಲ್ಲಾಪ್ರಗಡ ಸುಬ್ಬರಾವ್

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಿಡಿಗೇಶಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ರಕ್ತದ ಕ್ಯಾನ್ಸರ್ ಆಗಿದೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದೇನೆ ಎಂದ. ಊರಿನಲ್ಲಿ ಅವನ ಕಥೆ ಮುಗಿಯಿತೆಂದೇ ಮಾತಾಡಿಕೊಂಡಿದ್ದರು. ಅವನೋ ದಿನಾ ಮಾತ್ರೆ ನುಂಗುತ್ತಾ ಕಡಲೆಕಾಯಿ ಹೊಲ ನೋಡಿಕೊಂಡಿದ್ದ. ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಮೇಷ್ಟ್ರೇ ಎಂದು ಕೇಳಿದ. ಅರ್ಧ ಹೇಳುವಷ್ಟರಲ್ಲಿ ಪಾವಗಡದ ಬಸ್ಸು ಬಂತು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಕೇಳಿದಾಗ ಉಳಿದ ಅರ್ಧ ನೆನಪಾಯಿತು. ಅದನ್ನು ಹೇಳಬೇಕಾದರೆ ಡಾ. ಸುಬ್ಬರಾವ್ ಅವರ ಜೀವನದಿಂದಲೇ ಶುರುಮಾಡಬೇಕು.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಹೋಬಳಿಯವರಿಗೆ ಅವರು ತೀರಾ ದೂರದವರೇನಲ್ಲ. ಮನೆಯಲ್ಲಿ ಬಡತನ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಹುಡುಗ ಮನೆಬಿಟ್ಟು ಹೊರಟಿದ್ದ. ಹಿಡಿದು ತಂದು ಮತ್ತೆ ಶಾಲೆಗೆ ಸೇರಿಸಿದರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೆಯ ಸಲಕ್ಕೆ. ಪ್ರತಿ ವರ್ಷ ಫಲಿತಾಂಶದ ದಿನ ಶಾಲೆಯ ಗೋಡೆಯ ಬಳಿ ಮುಖ ಬಾಡಿಸಿಕೊಂಡು ನಿಲ್ಲುವ ಮಕ್ಕಳನ್ನು ಕಂಡಾಗ ನನಗೆ ಈ ಸಂಗತಿ ನೆನಪಾಗುತ್ತದೆ.

ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ, ಬೇಧಿಯಾಗಿ, ರಕ್ತ ಕಡಿಮೆಯಾಗಿ ಸಾಯಿಸುವ ರೋಗ ಅದು. ಇವರಿಗೂ ಬಂದಿತ್ತು, ಬದುಕಿ ಉಳಿದರು.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಲು ಅವರಿಗೆ ಹಣದ ನೆರವು ಕೊಟ್ಟವರಲ್ಲಿ ಮುಂದೆ ಮಾವನಾದವರೂ ಒಬ್ಬರು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಗೂ ಖಾದಿ ತೊಟ್ಟು ಹೋದದ್ದು ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ ಸಿಕ್ಕಿತು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಮಾಡಿ, 1920ರ ದಶಕದ ಆರಂಭದಲ್ಲಿ ಹಡಗು ಹತ್ತಿ ಅಮೆರಿಕದ ಬಾಸ್ಟನ್ ಸೇರಿದರು. ಹೆಂಡತಿ ಊರಿನಲ್ಲೇ ಉಳಿದರು. ಸುಬ್ಬರಾವ್ ಮತ್ತೆ ತಿರುಗಿ ಬರಲೇ ಇಲ್ಲ. ಇದನ್ನು ದೊಡ್ಡ ತ್ಯಾಗವೆಂದು ಬರೆಯುವವರಿದ್ದಾರೆ. ಕಾದು ಕುಳಿತ ಆ ಹೆಣ್ಣುಮಗಳ ಲೆಕ್ಕದಲ್ಲಿ ಅದು ಏನಾಗಿತ್ತೋ ಎಂದು ನನಗೆ ಅನಿಸುತ್ತದೆ.

ಬಾಸ್ಟನ್ನಿನಲ್ಲಿ ರಾತ್ರಿ ಆಸ್ಪತ್ರೆಯ ಕೂಲಿ ಕೆಲಸ ಮಾಡುತ್ತಾ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಸೈರಸ್ ಫಿಸ್ಕೆ ಎಂಬ ಪ್ರಾಧ್ಯಾಪಕರೊಂದಿಗೆ ಸೇರಿ, ರಕ್ತದಲ್ಲಿ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆಯೆಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಅದೇ ಅಳತೆ ಹಿಡಿದು ಹೊರಟಾಗ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಸಿಕ್ಕಿತು, 1929ರಲ್ಲಿ ಎಟಿಪಿ. ಜರ್ಮನಿಯ ಕಾರ್ಲ್ ಲೋಮಾನ್ ಕೂಡ ಅದೇ ವರ್ಷ ಎಟಿಪಿಯನ್ನು ಬೇರೆಯಾಗಿ ಕಂಡುಹಿಡಿದರು. ನಾವು ನೇಗಿಲು ಹಿಡಿಯಲಿ, ಕಣ್ಣು ಮಿಟುಕಿಸಲಿ, ಜೀವಕೋಶ ಅದಕ್ಕೆ ಕೊಡುವ ಕೂಲಿ ಎಟಿಪಿ. ಮೂರು ಫಾಸ್ಫೇಟುಗಳ ಬಾಲವುಳ್ಳ ಅಣು ಇದು. ಒಂದನ್ನು ಮುರಿದು ಕೊಟ್ಟರೆ ಕೆಲಸ ನಡೆಯುತ್ತದೆ.

ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಉಳಿದದ್ದು ಎಂಟೇ ವರ್ಷ. ಅಷ್ಟರಲ್ಲಿ ಅವರ ತಂಡ ಮಾಡಿದ ಕೆಲಸ ದೊಡ್ಡದು. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ತಡೆಯಲು ಮನೆಮನೆಗೆ ಹಂಚುವ ಡಿಇಸಿ ಮಾತ್ರೆ ಅಲ್ಲಿಂದ ಬಂದದ್ದು. 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದರು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಬಸುರಿಯರಿಗೆ ಇಂದು ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇರುವುದೂ ಅದೇ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ವಸ್ತುಗಳನ್ನು ಕೊಟ್ಟುನೋಡಿದರು. ರೋಗ ಇನ್ನೂ ವೇಗವಾಗಿ ಬೆಳೆದಂತೆ ಕಂಡಿತು. ಹಾಗಾದರೆ ಅದನ್ನು ತಡೆಯುವುದನ್ನು ಕೊಡಬೇಕು ಎಂದು ಫಾರ್ಬರ್ ಯೋಚಿಸಿದರು. ಸುಬ್ಬರಾವ್ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ, ಅದರ ಕೆಲಸ ಮಾಡದ ಅಮಿನೊಪ್ಟೆರಿನ್ ತಯಾರಿಸಿ ಕಳಿಸಿತು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಕೆಲವು ತಿಂಗಳಲ್ಲಿ ರೋಗ ಮರಳಿತು, ನಿಜ. ಆದರೆ ಅಲ್ಲಿಯವರೆಗೆ ಆ ರೋಗ ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ. ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿದೆ. 1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53.

ನನ್ನ ಶಿಷ್ಯನ ಮಾತ್ರೆ ಅಮಿನೊಪ್ಟೆರಿನ್ ಅಲ್ಲ, ಅದು ಬೇರೆ ದಾರಿಯದು. ಆ ದಾರಿ ಎಟಿಪಿಯ ಕಡೆಯಿಂದ ಬಂದದ್ದು. 1955ರಲ್ಲಿ ಫಿಷರ್ ಮತ್ತು ಕ್ರೆಬ್ಸ್ ಎಂಬ ವಿಜ್ಞಾನಿಗಳು, ಎಟಿಪಿಯಿಂದ ಫಾಸ್ಫೇಟ್ ತೆಗೆದು ಪ್ರೋಟೀನಿಗೆ ಅಂಟಿಸಿದರೆ ಆ ಪ್ರೋಟೀನು ಚಾಲೂ ಆಗುವುದನ್ನು ತೋರಿಸಿದರು. 1992ರಲ್ಲಿ ಅವರಿಗೆ ನೊಬೆಲ್ ಬಂತು. ಹೀಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳೇ ಕೈನೇಸ್‌ಗಳು. ಜೀವಕೋಶಕ್ಕೆ ಬೆಳೆ, ಒಡೆದು ಎರಡಾಗು ಎಂಬ ಸುದ್ದಿ ಮುಟ್ಟುವುದು ಬಹುಮಟ್ಟಿಗೆ ಇವುಗಳ ಮೂಲಕ. ಬೋರ್‌ವೆಲ್ಲಿನ ಸ್ಟಾರ್ಟರ್ ನೆನೆಸಿಕೊಳ್ಳಿ. ಕೆಂಪು ಗುಂಡಿ ಕೆಟ್ಟರೆ ಮೋಟರ್ ನಿಲ್ಲುವುದಿಲ್ಲ, ಪಾತಿ ಒಡೆದು ಹೊಲವೆಲ್ಲ ನೀರು. ನಮ್ಮ ಕಡೆ ಬೋರಿನಲ್ಲಿ ಅಷ್ಟು ನೀರೆಲ್ಲಿದೆ ಎನ್ನಬೇಡಿ, ಉದಾಹರಣೆಗೆ ಹೇಳಿದೆ.

ಸಿಎಂಎಲ್ ಎಂಬ ಬಗೆಯ ರಕ್ತ ಕ್ಯಾನ್ಸರಿನಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ನಿಲ್ಲದೆ ಓಡುವ ಇಂಥದೊಂದು ಕೈನೇಸ್ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಇಮಾಟಿನಿಬ್, ಆ ಕೈನೇಸಿನಲ್ಲಿ ಎಟಿಪಿ ಕೂರಬೇಕಾದ ಜಾಗಕ್ಕೇ ಹೋಗಿ ಕೂರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಎಟಿಪಿಗೆ ಜಾಗವಿಲ್ಲ, ಫಾಸ್ಫೇಟ್ ಇಲ್ಲ, ಸುದ್ದಿ ಮುಂದಕ್ಕೆ ಹೋಗುವುದಿಲ್ಲ. ಟವೆಲ್ ತೆಗೆದರೆ ಸೀಟು ಮತ್ತೆ ಹೋಗುತ್ತದೆ. ಮೈ ಹುಷಾರಾಗಿದೆಯೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು ಎನ್ನುವುದು ಅದಕ್ಕೇ.

ನನ್ನ ಶಿಷ್ಯ ಈಗಲೂ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಮುಂದಿನ ಸಲ ಸಿಕ್ಕರೆ ಈ ಸಂಚಿಕೆಯ ಒಂದು ಪ್ರತಿ ಅವನ ಕೈಗೆ ಕೊಡಬೇಕು.