ನಮ್ಮ ನಾಡಿಗೆ ವಲಸೆ ಬಂದ ಶ್ರೀ ರಾಮಾನುಜಾಚಾರ್ಯರು



ಫಾಲ್ಗುಣ ಮಾಸ ಬಂತು ಅಂದ್ರೆ ನಮ್ಮ ಕಡೆಯಿಂದಲೂ ಮೇಲುಕೋಟೆ ವೈರಮುಡಿಗೆ ಹೋಗುವವರಿದ್ದಾರೆ. ತುರುವೇಕೆರೆ, ಮಾಯಸಂದ್ರ, ನಾಗಮಂಗಲ ದಾಟಿ ಮುಂದೆ ಹೋದರೆ ಆ ಬೆಟ್ಟ ಸಿಗುತ್ತೆ. ಅಲ್ಲಿ ಎಲ್ಲರ ಬಾಯಲ್ಲೂ ರಾಮಾನುಜಾಚಾರ್ಯರ ಹೆಸರು. ಆದರೆ ಅವರು ನಮ್ಮ ನಾಡಿನಲ್ಲಿ ಹುಟ್ಟಿದವರಲ್ಲ. ಊರು ಬಿಟ್ಟು, ಜೀವ ಉಳಿಸಿಕೊಳ್ಳಲು ನಡೆದು ಬಂದವರು. ಅವರಿಗೆ ದಾರಿಯಲ್ಲಿ ಯಾರ್‍ಯಾರು ಅನ್ನ ಕೊಟ್ಟರು, ಯಾರು ಜಾಗ ಕೊಟ್ಟರು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸಂಪ್ರದಾಯದ ಪ್ರಕಾರ ರಾಮಾನುಜರು 1017ರಲ್ಲಿ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ಹುಟ್ಟಿದರು. ದೊಡ್ಡ ಪಂಡಿತರಾಗಿ, ಸನ್ಯಾಸಿಯಾಗಿ ಶ್ರೀರಂಗದ ದೇವಸ್ಥಾನದ ಮೇಲ್ವಿಚಾರಣೆ ನೋಡಿಕೊಂಡರು. ಬ್ರಹ್ಮಸೂತ್ರಗಳಿಗೆ ಶ್ರೀಭಾಷ್ಯ ಎಂಬ ವ್ಯಾಖ್ಯಾನ ಬರೆದವರು ಇವರೇ. ಅವರ ಮತಕ್ಕೆ ವಿಶಿಷ್ಟಾದ್ವೈತ ಎಂದು ಹೆಸರು.

ಆಗ ಆಳುತ್ತಿದ್ದ ಚೋಳ ರಾಜನಿಗೆ ಇವರ ಮೇಲೆ ಸಿಟ್ಟು ಬಂತು. ಹಿಡಿದು ತರಲು ಭಟರು ಬಂದರು. ಶಿಷ್ಯರಾದ ಕೂರೇಶರು ಗುರುವಿನ ಕಾವಿ ಬಟ್ಟೆ ತಾವು ಉಟ್ಟು ಅವರ ಬದಲು ಹೋದರಂತೆ. ಆ ಸಾಹಸಕ್ಕೆ ತಮ್ಮ ಕಣ್ಣುಗಳನ್ನೇ ಕಳೆದುಕೊಂಡರು ಎಂದು ಗುರುಪರಂಪರೆಯ ಕಥೆ ಹೇಳುತ್ತದೆ. ರಾಮಾನುಜರು ಬಿಳಿ ಬಟ್ಟೆ ಉಟ್ಟುಕೊಂಡು, ಕೆಲವು ಶಿಷ್ಯರೊಂದಿಗೆ ಪಶ್ಚಿಮ ದಿಕ್ಕಿಗೆ ಕಾಡುದಾರಿ ಹಿಡಿದರು.

ದಿನಗಟ್ಟಲೆ ಊಟವಿಲ್ಲ. ಮಳೆ, ಚಳಿ, ಕತ್ತಲೆ. ಕಾಡಿನಲ್ಲಿ ದೂರದಲ್ಲಿ ಒಂದು ಬೆಂಕಿ ಕಾಣಿಸಿತು. ಹೋಗಿ ನೋಡಿದರೆ ಬೇಡರು! ಅವರು ಹೆದರಿಸಲಿಲ್ಲ. ಬೆಂಕಿ ಪಕ್ಕ ಕೂರಿಸಿ, ಜೇನುತುಪ್ಪ ಮತ್ತು ನವಣೆ ಹಿಟ್ಟು ಕೊಟ್ಟರು. ಬೆಳಿಗ್ಗೆ ಜೊತೆಗೆ ಬಂದು ದಾರಿಯನ್ನೂ ತೋರಿಸಿದರು. ಹೊಸ ನಾಡಿನ ಹಾದಿಯಲ್ಲಿ ಅವರಿಗೆ ಸಿಕ್ಕ ಮೊದಲ ನೆಂಟರು ಕಾಡಿನವರೇ.

ಆಮೇಲೆ ಕೊಂಗು ನಾಡಿನ ಒಂದು ಹಳ್ಳಿ. ಅಲ್ಲಿ ಒಬ್ಬ ತಾಯಿ ಇವರಿಗೆಲ್ಲ ಅಡಿಗೆ ಮಾಡಿ ಬಡಿಸಿದಳು. ಆಕೆಗೂ ಒಂದು ಕಥೆ ಇದೆ. ಹಿಂದೆ ಬರಗಾಲ ಬಂದಾಗ ಆಕೆ ಗಂಡನ ಜೊತೆ ಊರು ಬಿಟ್ಟು ಶ್ರೀರಂಗಕ್ಕೆ ಹೋಗಿದ್ದಳು. ಗುರುತು ಪರಿಚಯವಿಲ್ಲದ ಆಕೆಯನ್ನು ರಾಮಾನುಜರು ದೂರ ಮಾಡದೆ ಉಪದೇಶ ಕೊಟ್ಟು ಕಳಿಸಿದ್ದರು. ಈಗ ಅವರೇ ಊರು ಬಿಟ್ಟು ಆಕೆಯ ಬಾಗಿಲಿಗೆ ಬಂದಿದ್ದಾರೆ! ಬಿಳಿ ಬಟ್ಟೆಯಲ್ಲಿ ಮೊದಲು ಗುರುತು ಸಿಗಲಿಲ್ಲ. ಪಾದ ನೋಡಿ ಗುರುತು ಹಿಡಿದಳಂತೆ. ಮಾಡಿದ ಉಪಕಾರ ಎಲ್ಲಿಗೆ ಹೋಗುತ್ತೆ ಹೇಳಿ? ಕಾದಿದ್ದು ತಿರುಗಿ ಬರುತ್ತೆ.

ಅಲ್ಲಿಂದ ನಮ್ಮ ಕನ್ನಡ ನಾಡು. ಇಂದಿನ ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ ಕೆಲವು ಕಾಲ ನಿಂತರು. ಆ ಊರಿನ ವಡುಗ ನಂಬಿ ಕೊನೆತನಕ ಬಿಡದ ಶಿಷ್ಯರಾದರು. ನಂತರ ತೊಂಡನೂರು. ಈಗ ಪಾಂಡವಪುರದ ಹತ್ತಿರ ಇರುವ ತೊಣ್ಣೂರು ಕೆರೆ ಗೊತ್ತಲ್ವಾ, ಅದೇ ಊರು. ಅಲ್ಲಿ ತೊಂಡನೂರು ನಂಬಿ ಎಂಬ ಭಕ್ತರು ಆಶ್ರಯ ಕೊಟ್ಟರು. ಹೊಯ್ಸಳ ದೊರೆ ಬಿಟ್ಟಿದೇವ ಇವರನ್ನು ಗೌರವಿಸಿದ. ಅವನೇ ವಿಷ್ಣುವರ್ಧನ. 1117ರಲ್ಲಿ ಬೇಲೂರು ಚೆನ್ನಕೇಶವ ದೇವಾಲಯ ಪ್ರತಿಷ್ಠೆ ಮಾಡಿಸಿದ ರಾಜ. ಅವನ ರಾಣಿ ಶಾಂತಲೆ ಜೈನಧರ್ಮದಲ್ಲೇ ಉಳಿದಳು. ಒಂದೇ ಅರಮನೆಯಲ್ಲಿ ಎರಡು ಧರ್ಮಗಳಿಗೂ ಜಾಗವಿತ್ತು.

ರಾಮಾನುಜರು ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪೂಜೆ ಮತ್ತೆ ನಡೆಯುವಂತೆ ಮಾಡಿದರು. ಆ ಕಷ್ಟದ ಕೆಲಸದಲ್ಲಿ ಅವರ ಬೆನ್ನಿಗೆ ನಿಂತವರು ಅಲ್ಲಿನ ಹೊಲಗೇರಿಯ ಜನ. ಊರು ಯಾರನ್ನು ಹೊರಗಿಟ್ಟಿತ್ತೋ ಅವರೇ ಹೊರಗಿನಿಂದ ಬಂದವರ ಕೈ ಹಿಡಿದರು. ಈ ಉಪಕಾರವನ್ನು ಆಚಾರ್ಯರು ಮರೆಯಲಿಲ್ಲ. ಅವರನ್ನು ತಿರುಕುಲತ್ತಾರ್ ಅಂದರೆ ಶ್ರೀಕುಲದವರು ಎಂದು ಕರೆದರು. ವರ್ಷದಲ್ಲಿ ಮೂರು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಟ್ಟರು.

ಇದನ್ನು ಬರೆಯುವಾಗ ನನಗೆ ಒಂದು ಪ್ರಶ್ನೆ ಬಂತು. ಅಷ್ಟು ಸಹಾಯ ಮಾಡಿದವರಿಗೆ ಮೂರೇ ದಿನ ಯಾಕೆ? ಆ ಕಾಲಕ್ಕೆ ಅದೇ ದೊಡ್ಡದು ಅಂತ ನಮ್ಮ ಮೇಷ್ಟ್ರು ಹೇಳಿದರು. ಆದರೂ ಉಳಿದ ದಿನಗಳ ಬಾಗಿಲು ತೆರೆಯಲು ನೂರಾರು ವರ್ಷ ಬೇಕಾಯ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಆಚಾರ್ಯರು ಶುರು ಮಾಡಿದ್ದನ್ನು ಪೂರ್ತಿ ಮಾಡೋದು ನಮ್ಮ ಕೆಲಸ.

ರಾಮಾನುಜರು ಸುಮಾರು 12 ವರ್ಷ ಈ ಸೀಮೆಯಲ್ಲಿದ್ದರು ಎಂದು ಹೇಳುತ್ತಾರೆ. ಚೋಳ ರಾಜ ಸತ್ತ ಸುದ್ದಿ ಬಂದ ಮೇಲೆ ಶ್ರೀರಂಗಕ್ಕೆ ಹೊರಟರು. ಮೇಲುಕೋಟೆಯ ಜನ ಬಿಡಲಾರದೆ ಅತ್ತರಂತೆ. ಆಗ ಅವರದೇ ಒಂದು ವಿಗ್ರಹ ಮಾಡಿಸಿ ಅಲ್ಲಿ ಬಿಟ್ಟು ಹೋದರು. ಅದು ಇಂದಿಗೂ ಮೇಲುಕೋಟೆಯಲ್ಲಿದೆ. ಸಂಪ್ರದಾಯದಂತೆ 1137ರಲ್ಲಿ ಶ್ರೀರಂಗದಲ್ಲಿ ತೀರಿಕೊಂಡರು.

ಅವರ ಅನುಯಾಯಿಗಳು ಮಾತ್ರ ಇಲ್ಲೇ ನೆಲೆ ನಿಂತರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ನಮ್ಮ ಕವಿ ಪು.ತಿ. ನರಸಿಂಹಾಚಾರ್ ಅವರು (1905-1998) ಮೇಲುಕೋಟೆಯವರು. ಅವರ ಮನೆಮಾತೂ ತಮಿಳು. ಆದರೆ ಬರೆದದ್ದು ಕನ್ನಡದಲ್ಲಿ! ಬಂದವರಿಗೆ ನಾವು ಜಾಗ ಕೊಟ್ಟೆವು, ಅವರು ನಮಗೆ ಕವಿಗಳನ್ನು ಕೊಟ್ಟರು.

ಗೆಳೆಯರೇ, ಕೊನೆಗೆ ಒಂದು ಮಾತು. ನಮ್ಮ ತೋಟಗಳಲ್ಲಿ ಕಾಯಿ ಸುಲಿಯಲು, ಕೊಬ್ಬರಿ ಒಡೆಯಲು ಈಗ ದೂರದೂರಿನವರೂ ಬರುತ್ತಾರೆ. ಅಂಥ ಮನೆಯ ಹುಡುಗನೊಬ್ಬ ಈ ವರ್ಷ ನಮ್ಮ ತರಗತಿಗೆ ಸೇರಿದ್ದಾನೆ. ಅವನು ತೆಂಗಿನಕಾಯಿಗೆ ಬೇರೆ ಏನೋ ಹೆಸರು ಹೇಳಿದಾಗ ನಾವೆಲ್ಲ ಜೋರಾಗಿ ನಕ್ಕೆವು. ನಾನೂ ನಕ್ಕೆ. ಅವನು ಮಧ್ಯಾಹ್ನ ಬೇವಿನ ಮರದ ಕೆಳಗೆ ಒಬ್ಬನೇ ಕೂತು ಊಟ ಮಾಡಿದ. ಈ ಲೇಖನ ಬರೆಯುತ್ತಾ ಆ ಬೇಡರ ನೆನಪಾಗಿ ನನಗೆ ನಾಚಿಕೆ ಆಯ್ತು. ಓದು ಬರಹ ಇಲ್ಲದ ಕಾಡಿನವರು ಬೆಂಕಿ ಪಕ್ಕ ಜಾಗ ಕೊಟ್ಟರು. ಶಾಲೆಗೆ ಬರುವ ನಾವು ಊಟದ ಸಾಲಿನಲ್ಲಿ ಒಂದು ಗೇಣು ಸರಿದು ಕೂರಲಿಲ್ಲ.

ನಾಳೆಯಿಂದ ಅವನು ನನ್ನ ಪಕ್ಕ ಊಟಕ್ಕೆ ಕೂರುತ್ತಾನೆ. ಇನ್ನೊಂದು ಪಕ್ಕ ಖಾಲಿ ಇದೆ, ಯಾರು ಬರ್ತೀರಿ?

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ