ಅಪ್ಪನ ಮಚ್ಚು, ಕಿರ್ಲೋಸ್ಕರರ ರಂಟೆ

ಕಳೆದ ತಿಂಗಳು ಅಪ್ಪನ ಮಚ್ಚಿನ ಹಿಡಿ ಸೀಳಿತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾನು ನೋಡಿದ ಯಾವ ಸಂತೆಯಲ್ಲೂ ಸಿಗುವುದು ಒಂದೇ ಅಳತೆಯ ದುಂಡು ಹಿಡಿ. ಅಪ್ಪನ ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ದುಂಡು ಹಿಡಿ ಅವರ ಕೈಯಲ್ಲಿ ತಿರುಗಿಬಿಡುತ್ತದೆ. ಹೋದ ವರ್ಷ ಗೋವಿನಜೋಳದ ದಂಟು ಕಡಿಯುವಾಗ ಜಾರಿ ಮೊಣಕಾಲಿಗೆ ಬಿದ್ದು ಐದು ಹೊಲಿಗೆ ಹಾಕಿಸಿಕೊಂಡಿದ್ದರು. ನಾನು ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಅರ್ಜಿ ಹಾಕುವುದು, ಪಟ್ಟಿಯಲ್ಲಿ ಹೆಸರು ಹುಡುಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಈ ಸಲ ಹಿಡಿ ನಾನೇ ಮಾಡುತ್ತೇನೆ ಎಂದು ಕೂತೆ.

ಮನೆಯಲ್ಲಿದ್ದದ್ದು ಗರಗಸ, ಉಳಿ, ಒಂದು ಹಳೆಯ ಅರ. ಅರ ಕೈಗೆತ್ತಿಕೊಂಡಾಗ ಕಾಲೇಜಿನ ವರ್ಕ್‌ಶಾಪಿನ ಲೇಥ್ ನೆನಪಾಯಿತು. ಅದರ ಮೈಮೇಲೆ ಕಿರ್ಲೋಸ್ಕರ್ ಎಂಬ ಹೆಸರಿತ್ತು. ನಮಗೆ ಹತ್ತಿರದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಮೂರು ವರ್ಷ ಅದರ ಮುಂದೆ ನಿಂತಿದ್ದರೂ ಆ ಹೆಸರಿನ ಮನುಷ್ಯ ನಮ್ಮ ಕಡೆಯವರು ಎಂಬುದು ನನಗೆ ಗೊತ್ತಿರಲಿಲ್ಲ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ವೇದಾಂತ ಬಲ್ಲವರು. ಮಗನಿಗೆ ಪಾಠಕ್ಕಿಂತ ಚಿತ್ರ ಮತ್ತು ಯಂತ್ರದ ಹುಚ್ಚು. ತಂದೆಗೆ ಇಷ್ಟವಿಲ್ಲದಿದ್ದರೂ ಅಣ್ಣನ ಬೆಂಬಲದಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ತಿಳಿದದ್ದೇನೆಂದರೆ, ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣುವುದಿಲ್ಲ! ಕಲಾವಿದನಾಗುವ ಆಸೆ ಅಲ್ಲಿಗೆ ಮುಗಿಯಿತು. ಬಣ್ಣದ ಹಂಗಿಲ್ಲದ ಯಂತ್ರಗಳ ಡ್ರಾಯಿಂಗ್ ಕಲಿತರು. ಅದನ್ನೇ ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವ ಮೇಷ್ಟ್ರಾದರು. ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇದ್ದ ನೌಕರಿ ಬಿಡುವ ಧೈರ್ಯ ನನಗೆ ಅರ್ಥವಾಗುವುದಿಲ್ಲ. ನನಗಿನ್ನೂ ಸಿಕ್ಕೇ ಇಲ್ಲವಲ್ಲ.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರು 1888ರಲ್ಲೇ ಸೈಕಲ್ ಅಂಗಡಿ ತೆರೆದಿದ್ದರು. ಅಲ್ಲಿಂದ ಸಣ್ಣ ವರ್ಕ್‌ಶಾಪ್ ಬೆಳೆಯಿತು. ಲಕ್ಷ್ಮಣರಾವ್ ಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರ. ಹೊಲದಲ್ಲಿ ಬೇಕಾದದ್ದು ಒಳ್ಳೆಯ ಅಲಗು ಎಂದು ಡ್ರಾಯಿಂಗ್ ಮೇಷ್ಟ್ರಿಗೆ ತಿಳಿದಿತ್ತು. ಆಮೇಲೆ ಬಂದದ್ದು ಕಬ್ಬಿಣದ ರಂಟೆ. ಮಾಡಿದ್ದೇನೋ ಸರಿ, ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ನನ್ನ ಎರಡು ವರ್ಷವೂ ಅಷ್ಟೇ ಉದ್ದದ್ದು, ಆದರೆ ನಾನು ಏನನ್ನೂ ಮಾಡಿಟ್ಟುಕೊಂಡು ಕಾಯುತ್ತಿರಲಿಲ್ಲ.

ವ್ಯಾಪಾರ ಕುದುರುವಷ್ಟರಲ್ಲಿ ಊರು ಬೆಳೆಸಲು ಜಾಗ ಬೇಕೆಂದು ಬೆಳಗಾವಿಯ ಪುರಸಭೆ ವರ್ಕ್‌ಶಾಪ್ ಖಾಲಿ ಮಾಡಿಸಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೈಲು ನಿಲ್ದಾಣದ ಬಳಿ ಜಾಗ ಕೊಟ್ಟು, ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ, ನಾಗರಹಾವು ತುಂಬಿದ್ದ ಬರಡು ನೆಲ. 1910ರಲ್ಲಿ ಕೆಲಸಗಾರರು ಹೆಂಡತಿ ಮಕ್ಕಳ ಸಮೇತ ಅವರ ಜೊತೆ ಅಲ್ಲಿಗೆ ಹೋದರು. ಅದೇ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ ಎಂಬುದು ನನಗೆ ರಂಟೆಗಿಂತ ದೊಡ್ಡ ಮಾತಾಗಿ ಕಾಣುತ್ತದೆ. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು.

ನನ್ನ ಮೊದಲ ಹಿಡಿ ಕೆಟ್ಟಿತು. ಜಾಲಿ ಕಟ್ಟಿಗೆ ಹಸಿಯಾಗಿತ್ತು, ಒಣಗುತ್ತಾ ಬಿರಿಯಿತು. ಎರಡನೆಯದಕ್ಕೆ ಹಳೆಯ ಕುಂಟೆಯ ಒಣ ತುಂಡು ಸಿಕ್ಕಿತು. ಅಳತೆ ಹೇಗೆ? ಹಸಿ ಮಣ್ಣಿನ ಉಂಡೆಯನ್ನು ಅಪ್ಪನ ಕೈಗೆ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದೆ. ಬೆರಳಚ್ಚು ಮೂಡಿತು. ಹೆಬ್ಬೆರಳು ಕೂರುವ ಕಡೆ ಚಪ್ಪಟೆ, ಕಿರುಬೆರಳ ಹತ್ತಿರ ದಪ್ಪ, ನಡುವೆ ಮೊಟ್ಟೆಯಾಕಾರ. ಅದನ್ನು ನೋಡುತ್ತಾ ಅರದಿಂದ ಉಜ್ಜಿದೆ. ಕಟ್ಟಿಗೆಗೆ ಸಣ್ಣ ತೂತು ಕೊರೆದು, ಮಚ್ಚಿನ ಬಾಲ ಕಾಯಿಸಿ ಒಳಗೆ ಇಳಿಸಿದೆ. ಅಲಗಿಗೆ ಒದ್ದೆ ಬಟ್ಟೆ ಸುತ್ತಿದ್ದೆ. ಕಾವು ಅಲ್ಲಿಗೆ ಏರಿದರೆ ಹದ ಹೋಗಿ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಬಾಯಿಗೆ ಕಬ್ಬಿಣದ ಬಳೆ ಬಡಿದು, ಪಾಲಿಶ್ ಪೇಪರ್ ಹಾಕಿ, ಅಗಸೆ ಎಣ್ಣೆ ಉಣಿಸಿದೆ.

ಅಪ್ಪ ಮಚ್ಚು ತೆಗೆದುಕೊಂಡು ಹೊಲಕ್ಕೆ ಹೋದರು. ಮೇವಿನ ಹೊರೆ ಇಳಿಸಿದ ಮೇಲೆ ನನ್ನ ಹತ್ತಿರ ಬಂದು, ಹೆಬ್ಬೆರಳು ಕೂರುವ ಜಾಗದಲ್ಲಿ ಉಗುರಿನಿಂದ ಗೀರಿ, ಇಲ್ಲಿ ಇನ್ನೊಂದು ನೂಲಿನಷ್ಟು ತೆಗಿ ಎಂದರು. ನಾನು ಅರ ತರಲು ಒಳಗೆ ಹೋದೆ.